ಹಚ್ಚೂದು

ತಾಳಿಕೋಟಿಗೆ ವರ್ಗ ಆಗಿ ಬಂದಾಗ ಸಿಕ್ಕದ್ದು
ಮಾಳಗಿ ಮನಿಯ ಹಿಂದಿನ ಪಾಲು:
ಎರಡು ಮೊಳ ದಪ್ಪ ಕಲ್ಲಿನ ಗೋಡಿ,
ಕಿಡಕಿ ಒಂದು, ಅದೂ ದನದ ಗ್ವಾದಲಿ ಕಡೆ,
ನೆತ್ತಿ ಮ್ಯಾಲೆ ಒಂದು ಬೆಳಕಿಂಡಿ.
ಬ್ಯಾಸಗಿಗೆ ಪುಣ್ಯಾದ ಮನಿ.
ಥಂಡಿ ದಿನದಾಗ
ನೀರಿಲ್ಲದ ಬಾವಿಯೊಳಗ ಕುಂತಂಗ.

ದವಾಖಾನಿಯಿಂದ ಬರೂದ್ರಾಗ ಕತ್ತಲಾಗಿರತಿತ್ತು.
ಮಾಲಕಿ ನೀಲಗಂಗವ್ವ ಹಾಕಿಸಿದ್ದ ಬಲ್ಬು
ಉಳ್ಳಾಗಡ್ಡಿ ಯಾವುದು ಬಳ್ಳೊಳ್ಳಿ ಯಾವುದು
ವಾಸನಿಲೇ ಗುರುತು ಹಿಡಿ ಅಂತಿತ್ತು.
"ಸಾಕ್ ಬಿಡ್ರಿ ನರ್ಸಬಾಯಿ,
ಉಣ್ಣೂ ಕೈಗೆ ಬಾಯಿ ಎಲ್ಲದ ಅಂತ ಗೊತ್ತಿರತದ.
ಮೀಟರಿಗೆ ಮಾತ್ರ ಹೊಟ್ಟಿ ತುಂಬಾಂಗಿಲ್ಲ."

ಮೊದಲ ಒಂದು ಬಿಳೇ ಟ್ಯೂಬು ಹಾಕಿಸಿ ನೋಡಿದೆ.
ಗೋಡಿ ಮಾರಿ ತುಂಬ ಮೈಲಿ ಕಲೆ,
ತಾಟಿನಾಗಿನ ರೊಟ್ಟಿಗೂ ರಕ್ತ ಕಡಿಮಿ ಆದಂಗ.
ದಿನಾ ವಾರ್ಡಿನಾಗ ನೋಡೂ ಬೆಳಕೇ
ನನ್ನ ಬೆನ್ನು ಹತ್ತಿ ಮನೀತನಕ ಬಂದಿತ್ತು.
ದಸ್ತಗೀರ ಬಿಚ್ಚಿಕೊಂಡು ನಕ್ಕ:
"ನಿಮಗ ಬೆಳಕು ಬ್ಯಾಡ್ರಿ ಅಕ್ಕಾರ, ಬಿಸಲು ಬೇಕು."
ಮರುದಿನ ಎರಡು ಹಳದಿ ಬಲ್ಬು ತಂದ,
ಒಂದು ಒಲಿ ಮ್ಯಾಲೆ,
ಒಂದು ಮೂಲಿಯೊಳಗ, ಗೋಡಿ ಕಡೆ ಮಾರಿ ತಿರುವಿ,
ಮುನಿಸಿಕೊಂಡ ಹುಡುಗನ್ನ ನಿಲ್ಲಿಸಿದಂಗ.

ನಮ್ಮ ಕಡೆ ಎಲ್ಲಾದಕ್ಕೂ ಒಂದೇ ಮಾತು:
ದೀಪ ಹಚ್ಚು, ಗಿಡ ಹಚ್ಚು, ಗೋಡಿಗೆ ಸುಣ್ಣ ಹಚ್ಚು,
ಹುಡುಗರನ್ನ ಸಾಲಿಗೆ ಹಚ್ಚು,
ಅವರಿವರ ಮಾತು ಮನಸಿಗೆ ಹಚ್ಚಿಕೋಬ್ಯಾಡ.
ಸಾಲಿಗೆ ಹಚ್ಚಲಿಕ್ಕೆ ನನಗ ಯಾರಿಲ್ಲ.
ಉಳಿದದ್ದೆಲ್ಲಾ ಆ ವಾರ ಮಾಡಿದೆ.

ಡಾಲ್ಡಾ ಡಬ್ಬಿಯೊಳಗ ಸೇವಂತಿ ಹಚ್ಚಿದೆ.
ಬೆಳಕಿಂಡಿಯಿಂದ ಇಳಿಯೂ ಬಿಸಲಿನ ಬಿಲ್ಲಿ
ಹತ್ತಕ್ಕ ಬಾಗಲ, ಹನ್ನೆರಡಕ್ಕ ಬೀಸೂಕಲ್ಲು,
ಎರಡು ಹೊಡಿಯೂದ್ರಾಗ ಗೋಡಿ ಹತ್ತಿ ಹೊಂಟೇಬಿಡತದ.
ಅದರ ಹಿಂದ ಹಿಂದ ಡಬ್ಬಿ ಸರಸಬೇಕು.
ಸೂಟಿ ದಿನ ನಾ ಸರಸತಿದ್ದೆ.
ಉಳಿದ ದಿನ,
ನನ್ನ ಬೈಕೋತ, ನೀಲಗಂಗವ್ವ.

ಎಳ್ಳಮಾಸಿಗೆ ಅವರ ಹೊಲಕ್ಕ ಹೋಗಿ
ಚರಗ ಚೆಲ್ಲಿ, ಸಜ್ಜಿ ಕಡಬು ತಿಂದು ಬರೂ ಮುಂದ
ಬದುವಿನಾಗ ಆಗಲೇ ಬಿಚ್ಚಿದ್ದ ನಾಕು ಕುಸುಬಿ ಹೂ,
ಒಂದು ಹಿಡಿ ನೀಲಿ ಅಗಸಿ ಕೊಯ್ಕೊಂಡೆ.
"ಕುಸುಬಿ ಯಾರರ ಮನ್ಯಾಗ ಇಡ್ತಾರೇನ ಯವ್ವಾ!
ಎಣ್ಣಿ ಕೊಡೂ ಬೆಳಿ. ಮೈಯೆಲ್ಲಾ ಮುಳ್ಳು."
ಹೌದು, ಚುಚ್ಚಿದವು.
ಹಿತ್ತಾಳಿ ತಂಬಿಗಿಯೊಳಗ ಇಟ್ಟು ಬಲ್ಬು ಹಚ್ಚಿದೆ.
ಗೋಡಿ ಮ್ಯಾಲೆ ಮುಳ್ಳಿನ ನೆರಳೂ ಹೂವೇ ಆಗಿತ್ತು.

ಅಗಸಿ ಮರುದಿನ ಮಧ್ಯಾಹ್ನದ ತನಕ ಸೈತ ಬಾಳಲಿಲ್ಲ.
ಶಗಣಿ ಸಾರಿಸಿದ ನೆಲದ ಮ್ಯಾಲೆ ನೀಲಿ ಚುಕ್ಕಿ.
ಕಸಬರಗಿ ಹಿಡಕೊಂಡು ಬಂದ ನೀಲಗಂಗವ್ವ
ಗುಡಿಸಲಿಲ್ಲ. ನಿಂತ್ಲು. ಹೋದ್ಲು.

ಸಂಜಿಗೆ ಒಂದು ಗಂಟು ಹೊತ್ತು ಬಂದ್ಲು:
ಇಳಕಲ್ ಸೀರಿ ತುಂಡು, ತೀರಿಕೊಂಡ ತಂಗಿ ಕುಪ್ಪಸ,
ನಾಕು ವರ್ಷದಿಂದ ಅರ್ಧಕ್ಕ ನಿಂತ ಕೌದಿ.
"ಕಣ್ಣು ಹ್ವಾದವು ಅಂತ ಕಟ್ಟಿ ಇಟ್ಟಿದ್ದೆ."
ಮೂಲಿಯೊಳಗ, ಕುಸುಬಿ ಪಕ್ಕಕ್ಕ ಕುಂತು
ದಾರದ ತುದಿ ನಾಲಿಗಿಗೆ ಹಚ್ಚಿ
ಒಂದೇ ಸಲಕ್ಕ ಸೂಜಿ ಪೋಣಿಸಿದ್ಲು.
ನನ್ನ ನೋಡಿದ್ಲು. ಬಲ್ಬು ನೋಡಿದ್ಲು.
"ಹೋಗಿದ್ದು ಕಣ್ಣಲ್ಲ ಹಂಗಾರ."

ರಾತ್ರಿ, ಇಬ್ಬನಿ ಇಳೀತದ ಅಂತ
ಬೆಳಕಿಂಡಿ ಮುಚ್ಚಲಿಕ್ಕೆ ಮಾಳಗಿ ಹತ್ತಿದೆ.
ಊರೆಲ್ಲಾ ಕೌದಿ ಎಳಕೊಂಡಿತ್ತು.
ನಮ್ಮ ಮನೀ ನೆತ್ತಿಯಿಂದ ಒಂದು ಹಳದಿ ಕಂಬ
ಸೀದಾ ಮ್ಯಾಲೆ, ಅದರೊಳಗ ಒಲಿ ಹೊಗಿ,
ಅಕಿ ಕೆಮ್ಮು.
ಮುಚ್ಚೂ ಕಲ್ಲು ಕೈಯಾಗ ಹಿಡಕೊಂಡೇ ನಿಂತೆ.

"ಮುಚ್ಚತೀಯೋ ಇಲ್ಲೋ, ಥಂಡಿ ಬಿಡಾಕತ್ತದ!"
ಕೆಳಗಿಂದ ಕೂಗಿದ್ಲು.
"ಇಳದು ಬಂದು ಲೈಟ್ ಆರಸಬ್ಯಾಡ ಮತ್ತ,
ಇನ್ನೂ ಒಂದು ನೀಲಿ ತುಂಡು ಹಚ್ಚೂದದ."