ಏಳನೇ ಕೋಣೆಗೊಂದು ಚೀಟಿ

ಕೆಳರೆಪ್ಪೆಯ ಅಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ
ಕಣ್ಣು ಮುಚ್ಚಿಕೋ ಅಜ್ಜಿ, ಎಂದೆ.
ಐದು ನಿಮಿಷ.
ಅಳಬೇಡ, ನಗಬೇಡ, ಸುಮ್ಮನೆ ಕೂತಿರು,
ಪಟ್ಟಿ ಎಷ್ಟು ನೆನೆಯುತ್ತದೋ ಅಷ್ಟೇ ನಿನ್ನ ನೀರು.

ನೂಕುಸ್‌ನ ಆಸ್ಪತ್ರೆ, ಏಪ್ರಿಲ್ ತಿಂಗಳು.
ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ
ಒಳಗೆ ಬಂದೇ ಬರುತ್ತದೆ ಬಿಳಿ ದೂಳು,
ನಾಲಗೆಗೆ ಉಪ್ಪು, ಹಲ್ಲಿಗೆ ಮರಳು.

ಅಯಿಮ್‌ಖಾನ್, ಅರವತ್ತೆಂಟು.
ಮೊಯ್ನಾಕಿನ ಮೀನಿನ ಕಾರ್ಖಾನೆಯಲ್ಲಿ
ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದವಳು;
ಸಮುದ್ರ ದೂರ ಹೋದ ಮೇಲೂ
ಯಾರದೋ ಕಡಲಿನ ಮೀನು
ರೈಲಿನಲ್ಲಿ ಬರುತ್ತಿತ್ತಂತೆ, ಹೆಪ್ಪುಗಟ್ಟಿ.

ಅವಳ ಮಡಿಲಲ್ಲಿ ಎರಡು ಪುಸ್ತಕ.
ನೀಲಿ, ಏಳನೇ ಕೋಣೆಯ ಹೃದಯದ ಡಾಕ್ಟರದು:
ಒತ್ತಡ ಮೇಲೆ ನೂರಾ ಎಪ್ಪತ್ತು, ಕೆಳಗೆ ನೂರು.
ಹಳದಿ, ನಮ್ಮದು:
ಉರಿ. ಕಿರಕಿರಿ. ಬೆಳಗ್ಗೆ ರೆಪ್ಪೆ ಅಂಟುತ್ತದೆ.
ನಡುವೆ ಹನ್ನೆರಡು ಹೆಜ್ಜೆ ಓಣಿ,
ಎರಡು ಸರತಿ, ಎರಡು ಬೆಂಚು;
ಈ ಪುಸ್ತಕ ಆ ಪುಸ್ತಕವನ್ನು
ಒಮ್ಮೆಯೂ ಓದಿದ್ದಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಉಪ್ಪಿನ ಚಹಾ, ಉಪ್ಪಿನ ಬಾವಿ, ಉಪ್ಪಿನ ಗಾಳಿ ತಿಂದವಳಿಗೆ
ಇದ್ದ ನೀರನ್ನೂ ಇಳಿಸುವ ಮಾತ್ರೆ,
ದಿನಕ್ಕೊಂದು, ಬರಿಹೊಟ್ಟೆಗೆ.

"ಸಮುದ್ರದ ಹೆಸರೆತ್ತಬೇಡ,"
ಕಣ್ಣು ಮುಚ್ಚಿಯೇ ಅಂದಳು. ನಾನು ಎತ್ತಿರಲಿಲ್ಲ.
"ಕ್ಯಾಮೆರಾ ಹಿಡಿದು ಬರುವವರೆಲ್ಲ
ನನ್ನ ಕಣ್ಣು ನೋಡಿ ಅದನ್ನೇ ನೆನೆಯುತ್ತಾರೆ.
ಅದರ ಕಾಯಿಲೆ ಅದಕ್ಕೆ, ನನ್ನದು ನನಗೆ.
ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ,
ಅದನ್ನು ಬರೆದುಕೋ."

ಬರೆದುಕೊಂಡೆ.
ಬಲಗಣ್ಣು: ಮೂರು ಮಿಲಿಮೀಟರ್.

ಆಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಬಿಡಿಸಿಟ್ಟೆ,
ಜಗಳವಾಡಿದ ನೆರೆಯವರನ್ನು ಒಂದೇ ಚಾಪೆಗೆ ಕೂರಿಸಿದ ಹಾಗೆ.
ಹೊಸ ಮಾತ್ರೆ ಶುರುವಾದದ್ದು ನೌರೂಜ್ ಹಬ್ಬದ ವಾರ, ಕಳೆದ ವರ್ಷ;
ಉರಿ ಶುರುವಾದದ್ದು ಮೇ ಕೊನೆಗೆ.
ಮಾತ್ರೆಯೋ, ದೂಳೋ, ವಯಸ್ಸೋ,
ಕಣ್ಣಹಿಂದಿನ ಕೂದಲೆಳೆಯ ನಾಳಗಳು
ಒತ್ತಡಕ್ಕೆ ಬಿಗಿದುಕೊಂಡವೋ,
ನಾನು ನರ್ಸು, ತೀರ್ಪು ಕೊಡಲಾರೆ.
ಎರಡು ತಾರೀಖು ಒಂದನ್ನೊಂದು ನೋಡುತ್ತಿದ್ದವು, ಅಷ್ಟೇ.

ನೀನಾಗಿ ಮಾತ್ರೆ ಬಿಡಬೇಡ ಮತ್ತೆ, ಎಂದೆ.
"ಬಿಟ್ಟು ನೋಡಿದೆನಲ್ಲ, ನಾಲ್ಕು ದಿನ!
ಕಣ್ಣು ತಣ್ಣಗಾಗಲಿಲ್ಲ, ತಲೆ ನಗಾರಿಯಾಯಿತು."

ಇನ್ನು ಎಡಗಣ್ಣು.
ನಾಲ್ಕನೇ ನಿಮಿಷದಲ್ಲಿ ಅವಳ ಭುಜ ಕುಲುಕಿತು.
ಏನಜ್ಜಿ?
"ನಮ್ಮ ಮೇಲ್ವಿಚಾರಕ ಯೆರ್‌ಪೊಲಾಟ್,
ಅವನ ಹಲ್ಲಿನ ಸೆಟ್ಟು
ಮೀನಿನ ಜೊತೆ ಡಬ್ಬಿಗೆ ಬಿದ್ದು,
ಮುಚ್ಚಳ ಒತ್ತಿದವಳು ನಾನೇ,
ರೈಲು ಹೊರಟ ಮೇಲೆ ಗೊತ್ತಾಯಿತು.
ಯಾವ ಊರಿನವರು ತೆರೆದರೋ!"
ಬೊಚ್ಚುಬಾಯಿ ಅರಳಿ, ಬೆಂಚು ನಡುಗಿ,
ಪಟ್ಟಿ ಇಪ್ಪತ್ತೆರಡಕ್ಕೆ ಹಾರಿತು.

ಪರೀಕ್ಷೆ ಕೆಟ್ಟಿತು. ಹೊರಗೆ ಇನ್ನೂ ಹದಿನಾಲ್ಕು ಜನ.

ಏಳನೇ ಕೋಣೆಗೆ ಚೀಟಿ ಬರೆದೆ:
ಕಣ್ಣು ಒಣಗಿದೆ, ಮಾತ್ರೆ ಬದಲಿಸಬಹುದೇ ನೋಡಿ.
ಬಲಗಣ್ಣು ಮೂರು.
ಎಡಗಣ್ಣು: ನಕ್ಕಳು. ಮತ್ತೆ ನೋಡಬೇಕು.