ಮೊದಲಿಂದಲೂ ಹಾಗೇ

ನಮ್ಮ ಪದ್ಮರಾಜ ಮೊದಲಿಂದಲೂ ಹಾಗೇ.
ಮದುವೆಮನೆಯಲ್ಲಿ ಚಪ್ಪಲಿ ಕಾಯುವ ನೆಪ ಹೂಡಿ
ಹೊರಗೇ ಉಳಿದು, ಕೊನೆಯ ಪಂಕ್ತಿಗೆ ಕೂರುವವನು.
ಬಳೇಪೇಟೆಯ ಅಂಗಡಿಯ ಅಟ್ಟದಲ್ಲಿ
ಹಾರ್ಮೋನಿಯಂ ಬಿಚ್ಚಿಟ್ಟು, ಹಿತ್ತಾಳೆ ರೀಡನ್ನು
ಕೂದಲೆಳೆಯಷ್ಟು ಕೆರೆದು, ಆಲಿಸಿ, ಮತ್ತೆ ಕೆರೆದು
ಇಡೀ ದಿನಕ್ಕೆ ನಾಲ್ಕು ಮಾತು;
ಅದರಲ್ಲಿ ಮೂರು ‘ಹೂಂ’.

ಮನೆಗೆ ಬಂದರೆ ಕೋಣೆ, ಕೋಣೆಗೆ ಚಿಲಕ.
ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಸಂತೆ:
ಅರದ ಸದ್ದು, ಸ್ಕ್ರೂ ಉರುಳಿದ ಸದ್ದು,
ತನ್ನಷ್ಟಕ್ಕೆ ತಾನು ನಕ್ಕಿದ್ದು.
ಒಲೆಯ ಮೇಲೆ ಕೂಗು ಎದ್ದರೆ ಅಲ್ಲಿಂದಲೇ ತಕರಾರು:
“ಅಕ್ಕಾ, ನಿನ್ನ ಕುಕ್ಕರ್ ಶ್ರುತಿ ಬಿಟ್ಟಿದೆ. ವಾಷರ್ ಬದಲಿಸು.”
ಬದಲಿಸುತ್ತಿರಲಿಲ್ಲ. ಆ ಬೈಗುಳ ಬೇಕಿತ್ತು ನನಗೆ.

ಯಾವಾಗ ಏನಾಯಿತೋ.
ಅದೇ ಕೋಣೆ, ಅದೇ ಮುಚ್ಚಿದ ಬಾಗಿಲು.
“ಮಾತು ಇನ್ನೂ ಕಮ್ಮಿಯಾಯ್ತಲ್ಲ” ಎಂದರು ಎದುರುಮನೆಯ ಕುಸುಮಮ್ಮ.
“ಅವನು ಮೊದಲಿಂದಲೂ ಹಾಗೇ” ಎಂದೆ,
ಅವರಿಗೆ, ಅಂಗಡಿಯ ಧಣಿಗೆ,
ಬಸದಿಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ,
ಎರಡು ತಿಂಗಳು.

ಒಂದು ಗುರುವಾರ, ಕಾವೇರಿ ನೀರು ಬಿಡುವ ಹೊತ್ತು,
ನಾನು ಕೆಳಗೆ ಸಂಪಿನ ಬಳಿ.
ಒಲೆಯ ಮೇಲೆ ಬೇಳೆ. ಅವನು ಅಲ್ಲೇ, ಗೋಡೆಗೊರಗಿ.
ಐದು ಕೂಗು, ಏಳು, ಹತ್ತು...
ಓಡಿ ಬಂದರೆ ಮನೆಯೆಲ್ಲ ಸೀದ ವಾಸನೆ,
ಕಣ್ಣು ತೆರೆದೇ ಕೂತಿದ್ದಾನೆ.
“ಕೇಳಿಸಲಿಲ್ವೇನೋ?”
“ಕೇಳಿಸ್ತು.” ತುಂಬ ಹೊತ್ತಿನ ಮೇಲೆ, “ಏನೂ ಅನ್ನಿಸಲಿಲ್ಲ.”

ಕೋಣೆಗೆ ಹೋದೆ, ಕೇಳದೆ, ಮೊದಲ ಸಲ.
ಅರಕ್ಕೆ ತುಕ್ಕು.
ದಿಂಬಿನಲ್ಲಿ ತಲೆಯಷ್ಟೇ ಗುಂಡಿ.
ಬಿಚ್ಚಿಟ್ಟ ಪೆಟ್ಟಿಗೆಯೊಳಗೆ ಜೇಡವೊಂದು ತನ್ನ ಕೆಲಸ ಮುಗಿಸಿತ್ತು.
ಚಿಲಕ ಹಾಕುವುದನ್ನೂ ಬಿಟ್ಟಿದ್ದನೆಂದು ಆಗ ತಿಳಿಯಿತು.
ಯಾರಿಂದಲೂ ಕಾಪಾಡಿಕೊಳ್ಳುವಂಥದ್ದು
ಒಳಗೆ ಏನೂ ಉಳಿದಿರಲಿಲ್ಲ.

ನಿಮ್ಹಾನ್ಸಿನ ಬೆಂಚಿನ ಮೇಲೆ ಟೋಕನ್ ಹಿಡಿದು
ನಾನು ಹೆದರಿದ್ದು ಬೇರೆಯದಕ್ಕೆ:
ಇವನನ್ನು ಮಾತುಗಾರನನ್ನಾಗಿ ಮಾಡಿ ಕಳಿಸಿಬಿಟ್ಟರೆ?
ಎಳೆಯ ವಯಸ್ಸಿನ ಡಾಕ್ಟರಮ್ಮ ನನ್ನತ್ತ ತಿರುಗಿದಳು:
“ಮೊದಲು, ಒಬ್ಬರೇ ಇದ್ದಾಗ, ಇವರು ಏನು ಮಾಡ್ತಿದ್ರು?”
ಅರ, ಸ್ಕ್ರೂ, ನಗು ಎಂದು ಶುರುಮಾಡಿ
ಗಂಟಲು ಕಟ್ಟಿತು.

ಮಾತ್ರೆ ಶುರುವಾಗಿ ಇದು ಒಂಬತ್ತನೇ ವಾರ.
ಒಳ್ಳೆಯ ದಿನಗಳಿವೆ. ಮೊನ್ನೆಯಂಥವೂ ಇವೆ.
ಇವತ್ತು ಬೆಳಿಗ್ಗೆ ಚಿಲಕ ಬಿದ್ದ ಸದ್ದು;
ನನ್ನ ಎದೆ ಒಂದು ಕ್ಷಣ ನಿಂತಿತು.
ಆಮೇಲೆ ಅರದ ಸದ್ದು.
ಮಧ್ಯಾಹ್ನ, ಮೂರನೇ ಕೂಗಿಗೆ, ಒಳಗಿಂದ
“ಅಕ್ಕಾ, ಆ ವಾಷರು...”
ಮುಗಿಸಲಿಲ್ಲ. ಸಂಜೆಯವರೆಗೆ ಇನ್ನೊಂದು ಮಾತಿಲ್ಲ.
ನಾನೂ ಬಾಗಿಲು ಬಡಿಯಲಿಲ್ಲ.
ಬೇಳೆ ಚೆನ್ನಾಗಿ ಬೆಂದಿತ್ತು.