ಧಡೆ

ಸೋಮವಾರ ಹಾಜರಿ ಕರೆಯುವ ಮೊದಲೇ
ಒಬ್ಬ ಸೀನುತ್ತಾನೆ.
ಆಮೇಲೆ ಎರಡನೇ ಸಾಲು, ಆಮೇಲೆ ಬಾಗಿಲ ಪಕ್ಕದವರು,
ಕೊನೆಗೆ ನಾನು.
ಬ್ಯಾಡಗಿಯಲ್ಲಿ ಇವತ್ತು ಟೆಂಡರ್ ದಿನ
ಅಂತ ಕ್ಯಾಲೆಂಡರ್ ನೋಡಿ ತಿಳಿಯಬೇಕಿಲ್ಲ.
ಮೂವತ್ತೊಂದರಲ್ಲಿ ಹತ್ತೊಂಬತ್ತು ಹೆಸರಿಗೆ "ಎಸ್ ಟೀಚರ್."
ಉಳಿದವಕ್ಕೆ ಪಕ್ಕದವರದೇ ಉತ್ತರ:
"ತುಂಬು ಬಿಡಸಾಕ ಹೋಗ್ಯಾನ್ರಿ, ಅವರವ್ವನ ಕೂಡ."

ಮರುದಿನ ಬಂದವರ ಬೆರಳು ಉರಿಯುತ್ತಿರುತ್ತವೆ.
ಮಣ್ಣಿನ ಕೆಲಸ ನಾನು ಮಂಗಳವಾರಕ್ಕೇ ಇಟ್ಟಿದ್ದೇನೆ,
ಯಾವ ಕೈಪಿಡಿಯಲ್ಲೂ ಹಾಗಂತ ಇಲ್ಲ.
ತಂಪು ಜೇಡಿಯಲ್ಲಿ ಮಣಿಕಟ್ಟಿನ ತನಕ ಕೈ ಹುಗಿದು ಕೂರುತ್ತವೆ.
ಅಕ್ಷರ ಮಾಡ್ರೋ ಅಂದರೆ
"ಇನ್ನ ಸ್ವಲ್ಪ ತಡೀರಿ" ಅನ್ನುತ್ತಾನೆ ಮಾಲತೇಶ,
ಕಣ್ಣು ತೆರೆಯದೆ.
ಅವನ 'ಅ'ಗೆ ಹೊಟ್ಟೆ ದೊಡ್ಡದು. ರೇಷ್ಮಾಬಾನುವಿನ 'ಈ' ಒಣಗುವಾಗ ಸೀಳಿತು.
ಕಿಟಕಿಯ ಕಟ್ಟೆ ಮೇಲೆ ವರ್ಣಮಾಲೆ ಒಣಗುತ್ತದೆ,
ನಡುವೆ ಒಂದು ಎಮ್ಮೆ.
ಯಾರದು ಅಂದರೆ ಯಾರೂ ಒಪ್ಪುವುದಿಲ್ಲ.

ತಕ್ಕಡಿ ಮಾತ್ರ ನಾನೇ ಮಾಡಿದ್ದು, ಭಾನುವಾರವಿಡೀ ಕೂತು:
ಎರಡು ತೆಂಗಿನ ಚಿಪ್ಪು, ಮುರಿದ ಕೊಡೆಯ ಕಡ್ಡಿ, ನೈಲಾನ್ ದಾರ.
ಎತ್ತಿ ಹಿಡಿದೆ.
ಏನೂ ಹಾಕದೆಯೇ ಎಡಕ್ಕೆ ವಾಲಿತು.
ಇಡೀ ತರಗತಿ ನಕ್ಕಿತು. ಗಂಟು ಸರಿಸಿದೆ,
ಬಲಕ್ಕೆ ವಾಲಿತು. ಇನ್ನೂ ಜೋರಾಗಿ ನಕ್ಕಿತು.

ಆಗ ಎದ್ದವಳು ದಾಕ್ಷಾಯಣಿ.
ಓದಿನ ಏಣಿಯ ಮೂರನೇ ಮೆಟ್ಟಿಲಲ್ಲಿ
ಆಷಾಢದಿಂದ ನಿಂತೇ ಇರುವ ಹುಡುಗಿ.
ಒತ್ತಕ್ಷರ ಬಂದಲ್ಲಿ ಉಸಿರು ಬಿಗಿಹಿಡಿದು
ಗಟಾರ ದಾಟಿದಂತೆ ಆಚೆ ಶಬ್ದಕ್ಕೆ ಜಿಗಿಯುವವಳು.
"ಧಡೆ ಕಟ್ಟಬೇಕ್ರಿ" ಅಂದಳು.
"ಏನು ಕಟ್ಟಬೇಕು?"
ಹೇಳಲಿಲ್ಲ. ಅಂಗಿಯ ಗುಂಡಿ ಹೋದ ಜಾಗದ ಪಿನ್ನು ಬಿಚ್ಚಿ
ಮೇಲೆದ್ದ ಚಿಪ್ಪಿನ ದಾರಕ್ಕೆ ಸಿಕ್ಕಿಸಿದಳು.
ಸಾಲಲಿಲ್ಲ. ಸೀಮೆಸುಣ್ಣದ ಚೂರು ಕಟ್ಟಿದಳು.
ಹೆಚ್ಚಾಯಿತು. ಅರ್ಧ ಮುರಿದು
ನನ್ನ ಕೈಗೇ ವಾಪಸ್ಸು ಕೊಟ್ಟಳು.

ಕಡ್ಡಿ ನೆಟ್ಟಗೆ ನಿಂತಿತು.
ಯಾರೂ ಸೀನಲಿಲ್ಲ.

"ಚೀಲ ಇಡೂಕಿಂತ ಮೊದಲ ಬರೇ ತಕ್ಕಡಿ ನೋಡಬೇಕಂತ್ರಿ,
ನಮ್ಮವ್ವ ಹೇಳ್ಯಾಳ. ಈಗ ಅಲ್ಲೆ ಕರೆಂಟಿನ ತಕ್ಕಡಿ ಐತಿ,
ಆದ್ರೂ ಮೊದಲ ಸೊನ್ನಿ ಐತೇನ ನೋಡತಾಳ.
ಓದಾಕ ಬರಂಗಿಲ್ರಿ ಅಕೀಗೆ.
ಸೊನ್ನಿ ಒಂದ ಗೊತ್ತೈತಿ."

ಆಮೇಲೆ ನನ್ನ ಪಾಠ ನನ್ನ ಕೈಲಿ ಉಳಿಯಲಿಲ್ಲ.
ನನ್ನ ಕೆಂಪು ಪೆನ್ನು ಒಂಬತ್ತು ಹುಣಸೆಬೀಜ,
ಟೋಪಿ ತೆಗೆದರೆ ಏಳು.
ಎಮ್ಮೆ ಅಂದರೆ ಒಂದು 'ಅ', ಒಂದು 'ಉ', ಮೇಲೆ ನಾಲ್ಕು ಬೀಜ.
ಬುಧವಾರ ಬಿಸಿಯೂಟದ ಮೊಟ್ಟೆಯನ್ನೂ ಬಿಡಲಿಲ್ಲ,
ಸುಲಿಯುವ ಮೊದಲು, ಸುಲಿದ ಮೇಲೆ;
ತೂಗುತ್ತ ತೂಗುತ್ತ ಮಾಲತೇಶ ತಿಂದುಬಿಟ್ಟ,
ಲೆಕ್ಕ ಅಲ್ಲಿಗೇ ನಿಂತಿತು.

ಗುರುವಾರ ಮತ್ತೆ ಟೆಂಡರ್.
"ದಾಕ್ಷಾಯಣಿ" ಅಂದೆ.
"ತುಂಬು ಬಿಡಸಾಕ" ಅಂದರು ಮೂವರು ಒಟ್ಟಿಗೆ.

ಶನಿವಾರ ಮುಂಜಾನೆ ಸಾಲಿ. ಬಂದಿದ್ದಳು,
ಬೆರಳು ಕೆಂಪಗೆ, ಮೂಗು ಕೆಂಪಗೆ.
ಬೋರ್ಡಿನ ಮೇಲೆ ನಿನ್ನ ಶಬ್ದ ಬರಿ ಅಂದೆ.
ಅದರಲ್ಲಿ ಒತ್ತಕ್ಷರ ಇಲ್ಲ, ಹೆದರಬೇಡ.
ಬಹಳ ಹೊತ್ತು ನಿಂತು ಬರೆದಳು: ದಡೆ.
ನಾನು ಬರೆದಿದ್ದಷ್ಟನ್ನೇ ಓದಿದೆ, ದ, ಡೆ.
ತಲೆ ಒಂದು ಬದಿಗೆ ವಾಲಿಸಿ ಕೇಳಿದಳು.
ಹತ್ತಿರ ಹೋಗಿ
ದ-ದ ಹೊಟ್ಟೆಯ ಕೆಳಗೆ ಸಣ್ಣದೊಂದು ಗೆರೆ
ತೂಗುಬಿಟ್ಟಳು.
ಹಿಂದೆ ಸರಿದು ನೋಡಿ,
ಅಂಗೈಯ ಸುಣ್ಣ ಲಂಗಕ್ಕೆ ಒರೆಸಿ,
"ಈಗ ಓದ್ರಿ" ಅಂದಳು ನನಗೆ.